ಕಾಣದ ಚಿತ್ರಗಳ ಮಾತು

ಚಲನಚಿತ್ರದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಸ್ಟುಡಿಯೋಗಳನ್ನೂ ನಟನಟಿಯರನ್ನೂ ನಿರ್ದೇಶಕರನ್ನೂ ಹೆಸರಿಸುತ್ತಾರೆ. ಯಾವ ಚಿತ್ರ ಯಾವ ವರ್ಷ ತೆರೆಕಂಡಿತು, ಎಷ್ಟು ವಾರ ಓಡಿತು, ಯಾವ ಪ್ರಶಸ್ತಿಗೆ ಪಾತ್ರವಾಯಿತು ಎಂಬುದನ್ನು ಶ್ರದ್ಧೆಯಿಂದ ದಾಖಲಿಸುತ್ತಾರೆ. ಆದರೆ ಆಟ ಮುಗಿದು ದೀಪ ಹತ್ತಿದ ಮೇಲೆ ಟೆಂಟಿನಿಂದ ಮನೆಯವರೆಗಿನ ಕತ್ತಲ ದಾರಿಯಲ್ಲಿ ಇಬ್ಬರು ಗೆಳೆಯರು ಆಡಿಕೊಂಡ ಮಾತಿಗೆ, ತಪ್ಪಿಹೋದ ಚಿತ್ರವೊಂದನ್ನು ನೋಡಿಬಂದವನ ಬಾಯಿಂದ ಕೇಳಿ ತಿಳಿದುಕೊಂಡ ವಿವರಕ್ಕೆ, ಇನ್ನೂ ಬಾರದ ಚಿತ್ರವನ್ನು ಅದರ ಹಾಡಿನಿಂದಲೂ ಗೋಡೆಯ ಮೇಲಣ ಪೋಸ್ಟರಿನಿಂದಲೂ ಊಹಿಸಿಕೊಂಡು ಹೂಡಿದ ವಾದಕ್ಕೆ ಆ ಚರಿತ್ರೆಯಲ್ಲಿ ಸ್ಥಾನವಿಲ್ಲ. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಮಟ್ಟಿಗಂತೂ ಚಿತ್ರಗಳ ಬಾಳು ಬಹುಪಾಲು ನಡೆದದ್ದು ಈ ಮಾತಿನಲ್ಲಿಯೇ ಎಂಬುದು ನನ್ನ ದೃಢವಾದ ನಂಬಿಕೆ. ಏಕೆಂದರೆ ಇಲ್ಲಿಯ ಜನ ನೋಡಿದ ಚಿತ್ರಗಳಿಗಿಂತ, ನೋಡದೆಯೇ ಬಲ್ಲ ಚಿತ್ರಗಳು ಎಷ್ಟೋ ಹೆಚ್ಚು.

ಇದಕ್ಕೆ ಮೊದಲ ಕಾರಣ ಭೂಗೋಳ. ಕುಮುದ್ವತಿಯ ದಡದ ಶಿಕಾರಿಪುರವೂ ದಂಡಾವತಿಯ ದಡದ ಸೊರಬವೂ ಮಲೆನಾಡು ಬಯಲುಸೀಮೆಗೆ ಇಳಿಯುವ ಅಂಚಿನಲ್ಲಿ ನಿಂತ ಊರುಗಳು. ಒಂದು ಕಡೆ ಕಾಡು, ಅಡಕೆ, ಮಳೆ. ಇನ್ನೊಂದು ಕಡೆ ಕೆರೆ, ಗದ್ದೆ, ಹತ್ತಿಯ ಹೊಲ. ಶಿವಮೊಗ್ಗದಿಂದ ಸಾಗರದ ಮೇಲೆ ತಾಳಗುಪ್ಪಕ್ಕೆ ಹೋದ ರೈಲುಹಾದಿ ಈ ಎರಡು ಪಟ್ಟಣಗಳನ್ನೂ ಮುಟ್ಟದೆ ಪಕ್ಕದಲ್ಲಿ ಹಾದುಹೋಯಿತು. ಆದುದರಿಂದ ಬೆಂಗಳೂರಿನಲ್ಲಿ ಶತದಿನೋತ್ಸವ ಮುಗಿಸಿ, ಶಿವಮೊಗ್ಗದ ಮಲ್ಲಿಕಾರ್ಜುನ, ಲಕ್ಷ್ಮೀ, ಎಚ್‌.ಪಿ.ಸಿ. ಚಿತ್ರಮಂದಿರಗಳಲ್ಲಿ ತನ್ನ ಸರದಿ ಮುಗಿಸಿ, ಗೆರೆ ಬಿದ್ದು, ಅಲ್ಲಲ್ಲಿ ತುಂಡಾಗಿ ಅಂಟಿಸಿಕೊಂಡ ಸುರುಳಿಗಳು ತಗಡಿನ ಪೆಟ್ಟಿಗೆಯಲ್ಲಿ ಬಸ್ಸಿನ ಮೇಲೇರಿ ಇಲ್ಲಿಗೆ ಬರುವಷ್ಟರಲ್ಲಿ, ಆ ಚಿತ್ರದ ಕಥೆ, ಹಾಡು, ಹೊಡೆದಾಟ, ಕಣ್ಣೀರು ಎಲ್ಲವೂ ಮಾತಿನ ರೂಪದಲ್ಲಿ ಬಹಳ ಮುಂಚೆಯೇ ಊರನ್ನು ಮುಟ್ಟಿರುತ್ತಿದ್ದವು. ಚಿತ್ರ ತಡವಾಗಿ ಬರುವ ಊರಿನಲ್ಲಿ ಚಿತ್ರದ ಮಾತು ಬೆಳೆಯುತ್ತದೆ. ಬಾರದೆಯೇ ಉಳಿದ ಚಿತ್ರದ ವಿಷಯದಲ್ಲಂತೂ ಆ ಮಾತೊಂದೇ ಉಳಿಯುತ್ತದೆ.

ಮಾತಿನ ಈ ಅಭ್ಯಾಸವು ಸಿನಿಮಾದೊಡನೆ ಹುಟ್ಟಿತೆಂದು ತಿಳಿಯುವುದು ಸರಿಯಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೇದಾರೇಶ್ವರನ ಗುಡಿಗೆ ಸೇರಿದ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವು, ಅಲ್ಲಿ ವೇದ ವ್ಯಾಕರಣ ದರ್ಶನಗಳ ಜೊತೆಗೆ ಕಾವ್ಯ ನಾಟಕಗಳ ವ್ಯಾಖ್ಯಾನವೂ ನಡೆಯುತ್ತಿತ್ತೆಂದೂ, ದೀನರಿಗೆ ಅಂಗವಿಕಲರಿಗೆ ಅನ್ನವಿಕ್ಕುವಂತೆ ಕಥೆ ಹೇಳುವವರಿಗೂ ಹಾಡುವವರಿಗೂ ಕುಣಿಯುವವರಿಗೂ ಅನ್ನವಿಕ್ಕುತ್ತಿದ್ದರೆಂದೂ ಹೇಳುತ್ತದೆ. ಕಥನವೂ ನಾಟ್ಯವೂ ವ್ಯಾಖ್ಯಾನಕ್ಕೆ ಅರ್ಹವಾದ ವಿಷಯಗಳೆಂದು ಎಂಟುನೂರು ವರ್ಷಗಳ ಹಿಂದೆಯೇ ಬಗೆದಿದ್ದ ನೆಲವಿದು. ಅಲ್ಲಮಪ್ರಭು ಹುಟ್ಟಿದ ಊರೆಂದು ಪರಂಪರೆ ಹೇಳುವುದೂ ಇದೇ ಬಳ್ಳಿಗಾವಿಯನ್ನು. ಅಕ್ಕಮಹಾದೇವಿಯ ಉಡುತಡಿ ಇಲ್ಲಿಂದ ದೂರವಿಲ್ಲ. ಸಂಭಾಷಣೆಯೇ ಸಾಧನೆಯಾದ ಆ ಶರಣರ ನೆನಪನ್ನು ಸಿನಿಮಾದ ಹರಟೆಗೆ ಜೋಡಿಸುವುದು ಅತಿಯಾದೀತೆಂದು ಕೆಲವರಿಗೆ ತೋರಬಹುದು. ಅಂಥವರು ತಾಳಮದ್ದಳೆಯನ್ನಾದರೂ ನೆನೆಯಬೇಕು. ಸೊರಬದ ಪಶ್ಚಿಮ ಭಾಗದಲ್ಲಿಯೂ ಅದಕ್ಕೆ ತಾಗಿದ ಸಾಗರ, ಸಿರ್ಸಿ ಸೀಮೆಗಳಲ್ಲಿಯೂ ಮಳೆಗಾಲದ ರಾತ್ರಿಗಳಲ್ಲಿ ಮನೆಯ ಜಗಲಿಯ ಮೇಲೆ ನಡೆಯುವ ಈ ಕಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ರಂಗಸಜ್ಜಿಕೆಯಿಲ್ಲ. ಭಾಗವತರ ಪದ್ಯ ಮುಗಿದೊಡನೆ ಅರ್ಥಧಾರಿಗಳು ಕರ್ಣನಾಗಿ ಕೃಷ್ಣನಾಗಿ ವಾಲಿಯಾಗಿ ರಾಮನಾಗಿ ವಾದಕ್ಕಿಳಿಯುತ್ತಾರೆ. ವಾಲಿಯ ಪ್ರಶ್ನೆಗೆ ರಾಮ ಕೊಟ್ಟ ಉತ್ತರ ಸಾಕಾಯಿತೇ ಇಲ್ಲವೇ ಎಂಬ ಜಿಜ್ಞಾಸೆ ಮರುದಿನ ಅಡಕೆ ಸುಲಿಯುವ ಚಪ್ಪರದಲ್ಲಿ ಮುಂದುವರಿಯುತ್ತಿತ್ತು. ಪಾತ್ರವೊಂದನ್ನು ಕಣ್ಣಿನಿಂದ ಕಾಣದೆಯೇ ಅದರ ನ್ಯಾಯಾನ್ಯಾಯವನ್ನು ತೂಗಬಲ್ಲ ಶಕ್ತಿ ಈ ಜನರಿಗೆ ಮೊದಲೇ ಇದ್ದಿತು. ಸಿನಿಮಾ ಬಂದಾಗ ಆ ಶಕ್ತಿಗೆ ಹೊಸ ವಸ್ತು ದೊರೆಯಿತು, ಅಷ್ಟೇ.

ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನ’ 1934ರ ಮಾರ್ಚ್‌ ತಿಂಗಳಲ್ಲಿ ಬೆಂಗಳೂರಿನಲ್ಲಿ ತೆರೆಕಂಡಿತು. ಅದರಲ್ಲಿ ಇಂದ್ರಜಿತುವಾಗಿ ಸುಬ್ಬಯ್ಯನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ, ರಾವಣನಾಗಿ ಆರ್‌. ನಾಗೇಂದ್ರರಾಯರು ಅಭಿನಯಿಸಿದರು, ಎಲ್ಲರೂ ವೃತ್ತಿರಂಗಭೂಮಿಯಿಂದ ಬಂದವರು. ಈ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲವೆಂಬುದು ಕನ್ನಡಿಗರೆಲ್ಲರೂ ವ್ಯಥೆಪಡಬೇಕಾದ ಸಂಗತಿ. ನಮ್ಮ ಭಾಷೆಯ ಮೊದಲ ಮಾತಿನ ಚಿತ್ರವನ್ನು ನಾವೆಲ್ಲರೂ ಬಲ್ಲದ್ದು ಕೇಳಿ ಮಾತ್ರ. ಶಿಕಾರಿಪುರದವನ ಸ್ಥಿತಿಗೂ ಬೆಂಗಳೂರಿನವನ ಸ್ಥಿತಿಗೂ ಈ ಒಂದು ವಿಷಯದಲ್ಲಿ ಭೇದವಿಲ್ಲ.

ಚಿತ್ರಗಳು ಈ ಕಡೆಯ ಜನಸಾಮಾನ್ಯರಿಗೆ ದೊರೆತದ್ದು ಟೂರಿಂಗ್‌ ಟಾಕೀಸುಗಳ ಮೂಲಕ. ನಾಟಕ ಕಂಪನಿಗಳು ಜಾತ್ರೆಯಿಂದ ಜಾತ್ರೆಗೆ ನಡೆದ ಹಾದಿಯಲ್ಲಿಯೇ ಟೆಂಟಿನವರೂ ನಡೆದರು. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಕಾಲಕ್ಕೆ ಊರಾಚೆಯ ಬಯಲಿನಲ್ಲಿ ಕಂಬ ನೆಟ್ಟು ಬಟ್ಟೆ ಬಿಗಿದು, ಸುತ್ತ ತಟ್ಟಿ ಕಟ್ಟಿ, ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ ಮಾಡಿ, ಗಂಡಸರಿಗೂ ಹೆಂಗಸರಿಗೂ ನಡುವೆ ಒಂದು ಅಡ್ಡತೆರೆ ಎಳೆದರೆ ಚಿತ್ರಮಂದಿರ ಸಿದ್ಧವಾದಂತೆ. ಹಗಲೆಲ್ಲ ಎತ್ತಿನ ಗಾಡಿಯ ಎರಡು ಪಕ್ಕಕ್ಕೂ ಪೋಸ್ಟರು ಕಟ್ಟಿಕೊಂಡು, ಧ್ವನಿವರ್ಧಕದಲ್ಲಿ ಕೂಗುತ್ತ, ಬಣ್ಣಬಣ್ಣದ ಕರಪತ್ರಗಳನ್ನು ತೂರುತ್ತ ಹಳ್ಳಿಗಳನ್ನು ಸುತ್ತುತ್ತಿದ್ದರು. ಸಂಜೆ ಘಂಟಸಾಲ ಅವರು ಹಾಡಿದ ತಿರುಪತಿಯ ವೆಂಕಟೇಶನ ಸ್ತುತಿ ಗದ್ದೆಗಳ ಮೇಲೆ ತೇಲಿಬಂತೆಂದರೆ ಟಿಕೆಟ್ಟು ಕೊಡಲು ಆರಂಭವಾಯಿತೆಂದು ಅರ್ಥ. ಮೂರು ನಾಲ್ಕು ಮೈಲಿ ದೂರದವರು ಆಗ ಕಾಲನ್ನು ಬಿರುಸಾಗಿ ಹಾಕುತ್ತಿದ್ದರು. ಜ್ಯೇಷ್ಠದಲ್ಲಿ ಮಳೆ ಕಚ್ಚಿಕೊಳ್ಳುವ ಮುನ್ನ ಟೆಂಟು ಕಿತ್ತುಹೋಗುತ್ತಿತ್ತು. ಆಮೇಲೆ ಮತ್ತೆ ದೀಪಾವಳಿಯವರೆಗೆ ನೋಡಿದ್ದನ್ನು ಮೆಲುಕು ಹಾಕುವುದು, ಬರಲಿರುವುದನ್ನು ಎಣಿಸುವುದು, ಇವೆರಡೇ ಗತಿ.

ಟೆಂಟಿನ ಒಂದು ಕೊರತೆಯೇ ಮಾತಿಗೆ ಮಹದುಪಕಾರ ಮಾಡಿತೆಂಬುದನ್ನು ಇಲ್ಲಿ ಗಮನಿಸಬೇಕು. ಪಟ್ಟಣದ ಚಿತ್ರಮಂದಿರದಲ್ಲಿ ಎರಡು ಯಂತ್ರಗಳಿರುತ್ತಿದ್ದವು. ಒಂದರ ಸುರುಳಿ ಮುಗಿಯುವ ಕ್ಷಣಕ್ಕೆ ಇನ್ನೊಂದು ಹೊತ್ತಿಕೊಳ್ಳುತ್ತಿತ್ತು. ಟೆಂಟಿನಲ್ಲಿದ್ದದ್ದು ಸಾಧಾರಣವಾಗಿ ಒಂದೇ ಪ್ರೊಜೆಕ್ಟರು. ಸಾವಿರ ಅಡಿಯ ಒಂದು ರೀಲು ತೆರೆಯ ಮೇಲೆ ಓಡುವುದು ಸುಮಾರು 11 ನಿಮಿಷ. ಅಂಥ ಎರಡನ್ನು ಒಟ್ಟಿಗೆ ಸುತ್ತಿದರೂ ಇಪ್ಪತ್ತು ಇಪ್ಪತ್ತೆರಡು ನಿಮಿಷಕ್ಕೊಮ್ಮೆ ಆಟ ನಿಲ್ಲಲೇಬೇಕು. ಆಪರೇಟರು ಬಿಸಿಯಾದ ಯಂತ್ರದ ಬಾಗಿಲು ತೆರೆದು ಹಳೆಯ ಸುರುಳಿಯನ್ನು ಬಿಚ್ಚಿ ಹೊಸದನ್ನು ಹಲ್ಲುಚಕ್ರಕ್ಕೆ ಸಿಕ್ಕಿಸಿ, ಸವೆದ ಕಾರ್ಬನ್‌ ಕಡ್ಡಿಯನ್ನು ಸರಿಪಡಿಸುವವರೆಗೆ ನೆಲದ ಮೇಲೆ ಕುಳಿತವರಿಗೆ ಬಿಡುವು. ಒಂದು ಚಿತ್ರದಲ್ಲಿ ನಾಲ್ಕೈದು ಬಾರಿ ದೊರೆಯುವ ಈ ಬಿಡುವಿನಲ್ಲಿ, ಮುಂದೇನಾದೀತೆಂಬ ತರ್ಕ, ಹಿಂದಾದದ್ದರ ವಿಮರ್ಶೆ, ಮೊದಲೇ ಕಥೆ ತಿಳಿದವನ ಬಾಯಿ ಮುಚ್ಚಿಸುವ ಗದ್ದಲ ಎಲ್ಲ ನಡೆಯುತ್ತಿದ್ದವು. ಕಥೆಯನ್ನು ನಿಲ್ಲಿಸಿ ನಿಲ್ಲಿಸಿ ಆಲೋಚಿಸುವ ಈ ಪದ್ಧತಿಗೂ, ಭಾಗವತರ ಪದ್ಯದ ನಡುನಡುವೆ ಅರ್ಥ ಹೇಳುವ ಪದ್ಧತಿಗೂ ಇರುವ ಹೋಲಿಕೆ ಆಕಸ್ಮಿಕವಾದರೂ ಪ್ರಯೋಜನಕಾರಿಯಾದುದು.

ಗೇಟಿನ ಬಳಿ ಮಾರುತ್ತಿದ್ದ ಹಾಡಿನ ಪುಸ್ತಕವನ್ನು ಮರೆಯಲಾಗದು. ನ್ಯೂಸ್‌ಪ್ರಿಂಟಿನ ಎಂಟೋ ಹನ್ನೆರಡೋ ಪುಟ. ಹೊದಿಕೆಯ ಮೇಲೆ ನಾಯಕ ನಾಯಕಿಯರ ಮಸುಕಾದ ಚಿತ್ರ. ಒಳಗೆ ತಾಂತ್ರಿಕ ವರ್ಗದ ಹೆಸರು, ಹಾಡುಗಳ ಸಾಹಿತ್ಯ, ಮತ್ತು ಕಥಾಸಾರಾಂಶ. ಆ ಸಾರಾಂಶವು ಸಂಕಟದ ಶಿಖರಕ್ಕೆ ಕರೆದುಕೊಂಡು ಹೋಗಿ, ನಾಯಕಿಯು ಉಳಿದಳೇ, ಅಣ್ಣತಮ್ಮಂದಿರು ಒಂದಾದರೇ ಎಂದು ಕೇಳಿ, ಉತ್ತರವನ್ನು ಬೆಳ್ಳಿತೆರೆಯ ಮೇಲೆ ಕಂಡು ಆನಂದಿಸಿರೆಂದು ನಿಲ್ಲುತ್ತಿತ್ತು. ಟಿಕೆಟ್ಟಿಗೆ ಕಾಸಿಲ್ಲದ ಹುಡುಗನು ಆ ಪುಸ್ತಕವನ್ನು ಗೆಳೆಯನಿಂದ ಕಡ ತಂದು, ನಿಂತ ಕಥೆಯನ್ನು ತಾನೇ ಮುಂದುವರಿಸುತ್ತಿದ್ದನು. ಚಿತ್ರ ನೋಡಿದವನೊಡನೆ ತನ್ನ ಮುಕ್ತಾಯವನ್ನು ಹೋಲಿಸಿ, ಕೆಲವೊಮ್ಮೆ ತನ್ನದೇ ಮೇಲೆಂದು ಸಾಧಿಸುತ್ತಿದ್ದನು. ಬಾರದ ಚಿತ್ರದ ವಿಷಯವಾಗಿ ಅಭಿಪ್ರಾಯ ವಿನಿಮಯ ಮಾಡಿಕೊಳ್ಳುವ ವಿದ್ಯೆಗೆ ಅದೇ ಬಾಲಪಾಠವಾಯಿತು.

1965ರಲ್ಲಿ ಭದ್ರಾವತಿಯ ಆಕಾಶವಾಣಿ ನಿಲಯ ಆರಂಭವಾದಾಗ ಈ ಪಾಠಕ್ಕೆ ಹೊಸ ಆಧಾರ ದೊರೆಯಿತು. ಚಿತ್ರಕ್ಕಿಂತ ಮುಂಚೆ ಹಾಡು ಮನೆಗೆ ಬಂತು. ಅದೇ ವರ್ಷ ಹುಟ್ಟಿದ ‘ಸುಧಾ’, ಅನಂತರ ಮಣಿಪಾಲದಿಂದ ಬಂದ ‘ರೂಪತಾರಾ’, ಮದರಾಸಿನಿಂದ ಬಂದ ‘ವಿಜಯಚಿತ್ರ’, 1980ರಿಂದ ನಿರ್ದಾಕ್ಷಿಣ್ಯವಾದ ವಿಮರ್ಶೆಯ ‘ಲಂಕೇಶ್‌ ಪತ್ರಿಕೆ’ ಹೀಗೆ ಒಂದೊಂದೂ ಕ್ಷೌರದಂಗಡಿಯ ಬೆಂಚಿನ ಮೇಲೆ ಹತ್ತಾರು ಕೈ ಬದಲಾಯಿಸಿ ಹರಿದುಹೋಗುತ್ತಿದ್ದವು. ಇವುಗಳಿಗಿಂತ ಹೆಚ್ಚಿನ ಪ್ರಮಾಣವೆಂದು ಊರು ನಂಬುತ್ತಿದ್ದುದು ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಓದುತ್ತ ಶನಿವಾರದ ಬಸ್ಸಿಗೆ ಊರಿಗೆ ಬರುವ ವಿದ್ಯಾರ್ಥಿಯನ್ನು. ಅವನು ಕಂಡ ಚಿತ್ರವನ್ನು ಭಾನುವಾರ ಕೆರೆಯ ಏರಿಯ ಮೇಲೆ ಕುಳಿತು ಮೊದಲಿನಿಂದ ಕೊನೆಯವರೆಗೆ ಹೇಳಬೇಕು. ಹಿನ್ನೆಲೆಯ ಸಂಗೀತವನ್ನೂ ಬಾಯಲ್ಲಿಯೇ ನುಡಿಸಬೇಕು. ಚೆನ್ನಾಗಿ ಹೇಳಬಲ್ಲವನಿಗೆ ಸಿಗುತ್ತಿದ್ದ ಮರ್ಯಾದೆ ಸಣ್ಣದಾಗಿರಲಿಲ್ಲ.

ಬಂದ ಚಿತ್ರಗಳಲ್ಲಿ ಇಲ್ಲಿಯ ಜನ ತಮ್ಮದೆಂದು ಎದೆಗಪ್ಪಿಕೊಂಡದ್ದು 1975ರ ‘ಮಯೂರ’ವನ್ನು. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯನ್ನು ಆಧರಿಸಿ ವಿಜಯ್‌ ನಿರ್ದೇಶಿಸಿದ, ರಾಜಕುಮಾರ್‌ ನಾಯಕರಾದ ಈ ಚಿತ್ರವನ್ನು ಕನ್ನಡನಾಡೆಲ್ಲ ಮೆಚ್ಚಿತು. ಆದರೆ ಶಿಕಾರಿಪುರದವರಿಗೆ ಆ ಮೆಚ್ಚುಗೆಯ ಹಿಂದೆ ಒಂದು ವಿಶೇಷವಾದ ಅಧಿಕಾರವಿತ್ತು. ಕದಂಬ ವಂಶದ ಮೂಲಪುರುಷನ ಕಥೆಯನ್ನು ನಮಗೆ ತಿಳಿಸುವ ಶಾಸನ ಇರುವುದು ಇದೇ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದಿನ ಸ್ತಂಭದ ಮೇಲೆ. ಐದನೆಯ ಶತಮಾನದಲ್ಲಿ ಶಾಂತಿವರ್ಮನ ಕಾಲಕ್ಕೆ ಕುಬ್ಜನೆಂಬ ಕವಿ ರಚಿಸಿದ ಆ ಸಂಸ್ಕೃತ ಶಾಸನದ ಪ್ರಕಾರ, ಮಯೂರಶರ್ಮನು ಗುರು ವೀರಶರ್ಮನೊಡನೆ ವಿದ್ಯಾರ್ಜನೆಗೆಂದು ಕಂಚಿಯ ಘಟಿಕೆಗೆ ಹೋಗಿ, ಅಲ್ಲಿ ಪಲ್ಲವರ ಅಶ್ವಸೈನಿಕರೊಡನೆ ಉಂಟಾದ ಕಲಹದಿಂದ ಕೆರಳಿ, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದವನು. ಚಿತ್ರದಲ್ಲಾದರೋ ಬ್ರಾಹ್ಮಣ ಯುವಕನೆಂದು ಬೆಳೆದವನು ಹುಟ್ಟಿನಿಂದಲೇ ರಾಜಪುತ್ರನೆಂಬುದು ಬೆಳಕಿಗೆ ಬರುತ್ತದೆ. ಈ ಭೇದ ಅಲ್ಪವಾದುದಲ್ಲ. ಅವಮಾನದಿಂದ ಸಿಡಿದೆದ್ದ ಸಾಮಾನ್ಯನೊಬ್ಬನು ರಾಜ್ಯ ಕಟ್ಟಿದನೆಂಬುದು ಕಲ್ಲಿನ ಮಾತು. ರಾಜರಕ್ತವು ತನ್ನ ಸ್ಥಾನವನ್ನು ಮರಳಿ ಪಡೆಯಿತೆಂಬುದು ತೆರೆಯ ಮಾತು. ಚಿತ್ರದ ವೈಭವಕ್ಕೆ ತಲೆದೂಗಿದರೂ, ಕಲ್ಲು ಹೇಳುವ ಕಥೆಯೇ ಹೆಚ್ಚು ದೊಡ್ಡದೆಂದು ನಾನು ಅಂದೂ ವಾದಿಸಿದ್ದೆ, ಇಂದೂ ವಾದಿಸುತ್ತೇನೆ. ಸೊರಬದ ನನ್ನ ಗೆಳೆಯರೊಬ್ಬರು ಇದನ್ನು ಒಪ್ಪಿದವರಲ್ಲ. “ಕಲ್ಲು ಓದೋರು ಎಷ್ಟು ಜನ ಮಾರಾಯ? ತಾಳಗುಂದಕ್ಕೆ ಜನ ಹೋಗೋ ಹಾಗೆ ಮಾಡಿದ್ದೇ ಆ ಸಿನಿಮಾ” ಎಂಬುದು ಅವರ ಉತ್ತರ. ಅದರಲ್ಲಿಯೂ ಸತ್ಯಾಂಶವುಂಟು.

ಅದೇ ದಶಕದಲ್ಲಿ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಸ್ಥಿತಿ ತಲೆದೋರಿತು. 1970ರ ‘ಸಂಸ್ಕಾರ’ದಿಂದ ಮೊದಲುಗೊಂಡು ಕನ್ನಡದ ಹೊಸ ಅಲೆಯ ಚಿತ್ರಗಳಿಗೆ ಶಿವಮೊಗ್ಗ ಜಿಲ್ಲೆಯ ಕಾಣಿಕೆ ಅಪಾರ: ‘ಸಂಸ್ಕಾರ’ದ ಕರ್ತೃ ಅನಂತಮೂರ್ತಿಯವರೂ ‘ಘಟಶ್ರಾದ್ಧ’ದ ನಿರ್ದೇಶಕ ಗಿರೀಶ ಕಾಸರವಳ್ಳಿಯವರೂ ತೀರ್ಥಹಳ್ಳಿ ತಾಲ್ಲೂಕಿನವರು, ತಮ್ಮ ‘ಬಿರುಕು’ ಕಾದಂಬರಿಯನ್ನು ‘ಪಲ್ಲವಿ’ಯಾಗಿಸಿ ಶ್ರೇಷ್ಠ ನಿರ್ದೇಶಕನ ರಾಷ್ಟ್ರಪ್ರಶಸ್ತಿ ಪಡೆದ ಲಂಕೇಶರು ಕೊನಗವಳ್ಳಿಯವರು. ಪತ್ರಿಕೆಯ ಮೊದಲ ಪುಟದಲ್ಲಿ ಸ್ವರ್ಣಕಮಲದ ಸುದ್ದಿ ಬರುತ್ತಿತ್ತು; ಚಿತ್ರ ಮಾತ್ರ ಇಲ್ಲಿಗೆ ಬರುತ್ತಿರಲಿಲ್ಲ. ತಮ್ಮ ಜಿಲ್ಲೆಯ ಮಣ್ಣು, ಮಳೆ, ಅಗ್ರಹಾರಗಳನ್ನು ತೋರಿಸುವ ಚಿತ್ರವು ಹೊರದೇಶದ ಉತ್ಸವಗಳಲ್ಲಿ ಪ್ರದರ್ಶಿತವಾಗಿ ಶಿಕಾರಿಪುರದಲ್ಲಿ ಕಾಣಸಿಗದೆ ಇದ್ದದ್ದು ವಿತರಣೆಯ ಲೆಕ್ಕಾಚಾರಕ್ಕೆ ಸಹಜವಾಗಿ ತೋರಿರಬಹುದು. ಇಲ್ಲಿ ಹುಟ್ಟಿದವರಿಗೆ ಅದು ನೋವಿನ ವಿಷಯ. ಎಸ್‌.ಕೆ. ನಾಡಿಗರ ಕಾದಂಬರಿಯಿಂದ ಎಂ.ಎಸ್‌. ಸತ್ಯು ನಿರ್ದೇಶಿಸಿದ 1977ರ ‘ಕನ್ನೇಶ್ವರ ರಾಮ’ವನ್ನು ನೆನೆದಾಗ ಆ ನೋವು ಇನ್ನೂ ಹೆಚ್ಚು. ಶಿವಮೊಗ್ಗ ಸೀಮೆಯ ಬಂಡುಕೋರನ ಕಥೆ, ಅನಂತನಾಗ್‌, ಶಬಾನಾ ಆಜ್ಮಿಯವರ ಅಭಿನಯ, ಬಿ.ವಿ. ಕಾರಂತರ ಸಂಗೀತ. ಇಷ್ಟೆಲ್ಲ ಇದ್ದೂ ಆ ಚಿತ್ರ ಜನರ ನೆನಪಿನಿಂದ ಜಾರಿತು. ಕನ್ನಡದಲ್ಲಿ ಉಪೇಕ್ಷೆಗೊಳಗಾದ ಚಿತ್ರ ಯಾವುದೆಂದು ಯಾರಾದರೂ ನನ್ನನ್ನು ಕೇಳಿದರೆ ನಾನು ಮೊದಲು ಹೇಳುವ ಹೆಸರು ಇದೇ. ದರೋಡೆಗಾರನನ್ನು ದೇವರಾಗಿಸದೆ ದುಷ್ಟನೂ ಆಗಿಸದೆ, ಹಳ್ಳಿಯ ಅಧಿಕಾರ ಹೇಗೆ ಮನುಷ್ಯನನ್ನು ಕಾಡಿಗೆ ಅಟ್ಟುತ್ತದೆಂಬುದನ್ನು ಅದು ತೋರಿಸಿದೆ.

ಇಂಥ ಕಾಲದಲ್ಲಿ, ಸೊರಬಕ್ಕೆ ತಾಗಿದ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಒಂದು ಅಪೂರ್ವ ಪ್ರಯೋಗ ನಡೆಯಿತು. ಅಲ್ಲಿ 1949ರಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘವು, ಅಂದರೆ ಎಲ್ಲರ ಬಾಯಲ್ಲಿರುವ ನೀನಾಸಮ್‌, ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ 1973ರಲ್ಲಿ ಚಿತ್ರಸಮಾಜವೊಂದನ್ನು ಆರಂಭಿಸಿತು. ಕಲ್ಕತ್ತೆಯಲ್ಲಿ 1947ರಲ್ಲಿ ಸತ್ಯಜಿತ್‌ ರಾಯ್‌, ಚಿದಾನಂದ ದಾಸಗುಪ್ತ ಮೊದಲಾದವರು ಫಿಲಂ ಸೊಸೈಟಿ ಕಟ್ಟಿದ್ದರು; ಬೆಂಗಳೂರಿನಲ್ಲಿ 1971ರಲ್ಲಿ ‘ಸುಚಿತ್ರ’ ಹುಟ್ಟಿತ್ತು. ಅವು ಮಹಾನಗರಗಳ ವಿದ್ಯಾವಂತರ ಕೂಟಗಳು. ಅಡಕೆ ತೋಟಗಳ ನಡುವಣ ಸಣ್ಣ ಹಳ್ಳಿಯೊಂದರಲ್ಲಿ, ಇಂಗ್ಲಿಷ್‌ ಅಡಿಬರಹವನ್ನು ಓದಲಾರದ ರೈತರ ಮುಂದೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಇಡಬಹುದೆಂಬ ಕಲ್ಪನೆಯನ್ನು ಅಂದು ಅನೇಕರು ಸಾಹಸವೆಂದು ಬಗೆದದ್ದು ಆಶ್ಚರ್ಯವಲ್ಲ. ಶಿವರಾಮ ಕಾರಂತರ ಹೆಸರಿನ ರಂಗಮಂದಿರದಲ್ಲಿ ‘ಪಥೇರ್‌ ಪಾಂಚಾಲಿ’, ‘ಬೈಸಿಕಲ್‌ ಥೀವ್ಸ್‌’, ‘ರಾಶೋಮನ್‌’ಗಳು ಓಡಿದವು. ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನ ಪ್ರಾಧ್ಯಾಪಕ ಸತೀಶ ಬಹಾದೂರರು ಅಲ್ಲಿಗೆ ಬಂದು ಪಾಠ ಹೇಳಿದರು. 1979ರಿಂದ ಚಲನಚಿತ್ರ ರಸಗ್ರಹಣ ಶಿಬಿರಗಳು ನಡೆದವು. ಪರಿಚಯದ ಮಾತು, ನೋಟ, ನೋಟದ ನಂತರದ ಚರ್ಚೆ ಎಂಬುದು ಅಲ್ಲಿಯ ಕ್ರಮ. ಒಂದು ದೃಶ್ಯವನ್ನು ಬಿಡಿಸಿ ಬಿಡಿಸಿ ನೋಡುವುದನ್ನು ಅಲ್ಲಿ ಕಲಿಸಿದರು.

ಆ ಚಿತ್ರಗಳು ನಮ್ಮ ಕಡೆಯವರಿಗೆ ದಕ್ಕಿದ ಬಗೆಯನ್ನು ಸ್ವಲ್ಪ ವಿವರಿಸಬೇಕು. ‘ಪಥೇರ್‌ ಪಾಂಚಾಲಿ’ಯಲ್ಲಿ ಅಪು ಮತ್ತು ದುರ್ಗಾ ಬಿಳಿಯ ಕಾಶಹುಲ್ಲಿನ ಬಯಲಿನಲ್ಲಿ ಓಡಿ ಓಡಿ ರೈಲನ್ನು ನೋಡುತ್ತಾರೆ. ಈ ದೃಶ್ಯದ ಮೇಲೆ ಪಂಡಿತರು ಪುಟಗಟ್ಟಲೆ ಬರೆದಿದ್ದಾರೆ. ರೈಲು ಮುಟ್ಟದ ತಾಲ್ಲೂಕಿನಲ್ಲಿ ಹುಟ್ಟಿ, ಬಾಲ್ಯದಲ್ಲೊಮ್ಮೆ ಆನಂದಪುರದಲ್ಲೋ ಸಾಗರದಲ್ಲೋ ರೈಲನ್ನು ನೋಡಲೆಂದೇ ಹೋದವನಿಗೆ ಆ ವ್ಯಾಖ್ಯಾನದ ಅಗತ್ಯವಿಲ್ಲ. ಮಳೆಯಲ್ಲಿ ನೆನೆದು ಜ್ವರ ಬಂದು ದುರ್ಗಾ ಸಾಯುವ ರಾತ್ರಿ, ಗಾಳಿಗೆ ಬಾಗಿಲು ಬಡಿದುಕೊಳ್ಳುವ ಆ ಸದ್ದು, ಆಷಾಢದ ಮಳೆಯನ್ನು ಸೋಗೆ ಮನೆಯಲ್ಲಿ ಕಳೆದವರಿಗೆ ಪರದೇಶದ್ದಾಗಿ ತೋರಲಿಲ್ಲ. ‘ರಾಶೋಮನ್‌’ನಲ್ಲಿ ಒಂದೇ ಕೊಲೆಯ ವಿಷಯವನ್ನು ದರೋಡೆಗಾರ, ಹೆಂಗಸು, ಸತ್ತವನ ಪ್ರೇತ, ಸೌದೆ ಕಡಿಯುವವನು ನಾಲ್ಕು ರೀತಿಯಾಗಿ ಹೇಳುತ್ತಾರೆ. ನಗರದ ಪ್ರೇಕ್ಷಕರು ಇದರಿಂದ ಗೊಂದಲಗೊಂಡದ್ದುಂಟು. ಒಂದೇ ಪ್ರಸಂಗಕ್ಕೆ ಅರ್ಥಧಾರಿಗೊಂದು ಅರ್ಥ ಹುಟ್ಟುವುದನ್ನು ಕೇಳುತ್ತ ಬೆಳೆದ ಜನಕ್ಕೆ ಇದು ಪರಿಚಿತವಾದ ಮಾರ್ಗ. ಸುಬ್ಬಣ್ಣನವರ ದೊಡ್ಡತನವನ್ನು ಹೊಗಳುವವರು ಅವರು ಹಳ್ಳಿಗೆ ಸದಭಿರುಚಿಯನ್ನು ತಂದುಕೊಟ್ಟರೆಂದು ಹೇಳುವುದುಂಟು. ನನ್ನ ಅಭಿಪ್ರಾಯ ಬೇರೆ. ಹಳ್ಳಿಗೆ ತೂಗಿ ನೋಡುವ ಶಕ್ತಿ ಮೊದಲೇ ಇದೆಯೆಂದು ಅವರು ನಂಬಿದರು. ಆ ನಂಬಿಕೆಯೇ ಅವರ ದೊಡ್ಡತನ. 1983ರಿಂದ 85ರವರೆಗೆ ‘ಜನಸ್ಪಂದನ’ವೆಂಬ ಯೋಜನೆಯಲ್ಲಿ ನಾಟಕ ಚಲನಚಿತ್ರಗಳನ್ನು ಕರ್ನಾಟಕದ ಹಳ್ಳಿಪಟ್ಟಣಗಳಿಗೆ ಹೊತ್ತುಕೊಂಡು ಹೋದುದೂ ಅದೇ ನಂಬಿಕೆಯಿಂದ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಲ್ಲಿ ಅವರು ತೀರಿಕೊಂಡರು.

ಈಗ ಸೊರಬದ ಆ ನನ್ನ ಗೆಳೆಯರ ವಿಷಯವಾಗಿ ಎರಡು ಮಾತು ಹೇಳಬೇಕು. ನಮ್ಮದು ಏಕವಚನದ ಸ್ನೇಹ; ಅದು ಹುಟ್ಟಿದ್ದೂ ಬೆಳೆದದ್ದೂ ಚಿತ್ರಗಳ ಮಾತಿನಲ್ಲಿ. ಮೊದಲು ಇನ್‌ಲ್ಯಾಂಡ್‌ ಪತ್ರಗಳ ಮೂಲಕ, ಅನಂತರ ಫೋನಿನ ಮೂಲಕ ನಾವು ಒಬ್ಬರಿಗೊಬ್ಬರು ತಪ್ಪಿದ ಚಿತ್ರಗಳನ್ನು ಒಪ್ಪಿಸಿಕೊಳ್ಳುತ್ತ ಬಂದಿದ್ದೇವೆ. ಅವರು ಕುಳಿತಲ್ಲಿಯೇ ಚಿತ್ರವನ್ನು ಮರುಕಟ್ಟಬಲ್ಲರು. ಆದರೆ ತೀರ್ಪಿನಲ್ಲಿ ಉದಾರಿಗಳು. ನಾನು ಅಷ್ಟು ಉದಾರಿಯಲ್ಲ. ನಮ್ಮ ದೀರ್ಘವಾದ ವಿವಾದ ನಡೆದದ್ದು 2002ರ ‘ದ್ವೀಪ’ವನ್ನು ಕುರಿತು. ಸಾಗರದ ನಾ. ಡಿಸೋಜರ ಕಾದಂಬರಿಯನ್ನು ಕಾಸರವಳ್ಳಿಯವರು ಚಿತ್ರವಾಗಿಸಿದರು. ಅದಕ್ಕೆ ಸ್ವರ್ಣಕಮಲ ಬಂತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಕಣಿವೆ ಮುಳುಗಿದಾಗ ಮನೆಮಾರು ಕಳೆದುಕೊಂಡವರು ಜಿಲ್ಲೆಯ ನಾನಾ ಕಡೆಗೆ ಚದರಿದರು. ಅವರ ಮಕ್ಕಳೊಡನೆ ಒಂದೇ ಬೆಂಚಿನ ಮೇಲೆ ಕುಳಿತು ಓದಿದವರಿಗೆ ಆ ಚಿತ್ರ ಬರಿಯ ಚಿತ್ರವಲ್ಲ. ಏರುವ ನೀರಿನ ನಡುವೆ ಮನೆಯನ್ನು ಉಳಿಸಿಕೊಳ್ಳಲು ನಾಗಿ ಜೀವ ತೇಯುತ್ತಾಳೆ. ಉಳಿದ ಮೇಲೆ ಗಂಡ ಗಣಪನು ಅದನ್ನು ದೈವಕೃಪೆಯೆಂದು ಭಾವಿಸುತ್ತಾನೆ, ಅವಳ ದುಡಿಮೆ ಅವನ ಕಣ್ಣಿಗೆ ಬೀಳುವುದಿಲ್ಲ. ಮುಳುಗಡೆಯೆಂಬ ಮಹಾ ಅನ್ಯಾಯವು ಕೊನೆಯಲ್ಲಿ ಗಂಡಹೆಂಡಿರ ವಿಷಯದ ಹಿಂದೆ ಸರಿದುಹೋಯಿತೆಂದು ನಾನು ಆಕ್ಷೇಪಿಸಿದೆ. “ಅಲ್ಲ ಮಾರಾಯ, ಸರ್ಕಾರ ಗಣಪನ ಕಷ್ಟ ಕಾಣಲಿಲ್ಲ, ಗಣಪ ನಾಗಿಯ ಕಷ್ಟ ಕಾಣಲಿಲ್ಲ. ಎರಡೂ ಒಂದೇ ಕುರುಡು ಅಂತ ತಾನೇ ಚಿತ್ರ ಹೇಳೋದು?” ಎಂದು ಅವರು ಕೇಳಿದರು. ಆ ಪ್ರಶ್ನೆಯ ನಂತರ ‘ದ್ವೀಪ’ ನನಗೆ ಬೇರೆಯೇ ಚಿತ್ರವಾಯಿತು.

ಬರಲಿರುವ ಚಿತ್ರಗಳ ಮಾತಿನಲ್ಲಿ ನಮ್ಮಿಬ್ಬರಿಗೂ ಪ್ರಿಯವಾದುದು ಈಸೂರಿನ ವಿಷಯ. ಶಿಕಾರಿಪುರ ತಾಲ್ಲೂಕಿನ ಈ ಹಳ್ಳಿ 1942ರಲ್ಲಿ ತನ್ನನ್ನು ತಾನೇ ಸ್ವತಂತ್ರವೆಂದು ಸಾರಿಕೊಂಡು, ಹುಡುಗರಿಬ್ಬರನ್ನು ಅಮಲ್ದಾರ ಮತ್ತು ಸಬ್‌ಇನ್‌ಸ್ಪೆಕ್ಟರ್‌ ಎಂದು ನೇಮಿಸಿತು. ಮುಂದೆ ನಡೆದ ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು. 1943ರಲ್ಲಿ ಐವರು ಗಲ್ಲಿಗೇರಿದರು. ಇದನ್ನು ಚಿತ್ರವಾಗಿಸುವವರು ಎಲ್ಲಿಂದ ಆರಂಭಿಸಬೇಕು, ಸತ್ತ ಅಧಿಕಾರಿಗಳ ಮನೆಯ ದುಃಖಕ್ಕೆ ಎಷ್ಟು ಎಡೆ ಕೊಡಬೇಕು, ಕಾಡಿನಲ್ಲಿ ಅಡಗಿದ ಹೆಂಗಸರು ಮಕ್ಕಳನ್ನು ಹೇಗೆ ತೋರಿಸಬೇಕು ಎಂದು ನಾವು ಚರ್ಚಿಸಿದ್ದಕ್ಕೆ ಮಿತಿಯಿಲ್ಲ. ದೊಡ್ಡವರ ಅಂಗಿ ತೊಟ್ಟ ಆ ಹುಡುಗ ಅಮಲ್ದಾರನಿಂದಲೇ ಚಿತ್ರ ತೊಡಗಬೇಕೆಂಬ ಒಂದು ವಿಷಯದಲ್ಲಿ ಮಾತ್ರ ನಮಗೆ ಭಿನ್ನಾಭಿಪ್ರಾಯವಿಲ್ಲ.

ದೂರದರ್ಶನ, ವಿಡಿಯೋ, ಕೇಬಲ್ಲುಗಳ ಕಾಲವನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ; ಎಂಬತ್ತರ ದಶಕದ ಭಾನುವಾರ ಮಧ್ಯಾಹ್ನಗಳಲ್ಲಿ ದೂರದರ್ಶನವು ಭಾರತೀಯ ಭಾಷೆಗಳ ಪ್ರಶಸ್ತಿ ಚಿತ್ರಗಳನ್ನು ತೋರಿಸಿ ನಮ್ಮ ಎಷ್ಟೋ ಹಳೆಯ ಬಾಕಿಗಳನ್ನು ತೀರಿಸಿತೆಂಬ ಋಣವನ್ನಷ್ಟೇ ಸ್ಮರಿಸುತ್ತೇನೆ. ಇಂದು ಯಾವ ಚಿತ್ರವೂ ದೂರವಿಲ್ಲ. ಶಿಕಾರಿಪುರದ ಬಸ್‌ನಿಲ್ದಾಣದಲ್ಲಿ ನಿಂತವನ ಅಂಗೈಯಲ್ಲಿ ‘ರಾಶೋಮನ್‌’ ಇದೆ. ಆದರೂ ಉಪೇಕ್ಷೆ ನಿಂತಿಲ್ಲ. ಟಿ.ಎಸ್‌. ನಾಗಾಭರಣರು ಅಲ್ಲಮನನ್ನು ಕುರಿತು ಮಾಡಿದ ಚಿತ್ರ 2017ರಲ್ಲಿ ತೆರೆಕಂಡಿತು. ಧನಂಜಯ ಅಲ್ಲಮನಾದರು, ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಬಳ್ಳಿಗಾವಿಯ ಸುತ್ತಿನಲ್ಲಿ ಅದನ್ನು ನೋಡಿದವರನ್ನು ಹುಡುಕಬೇಕು. ಇನ್ನೊಂದು ಕಡೆ, 1977ರ ‘ಘಟಶ್ರಾದ್ಧ’ವು ಫಿಲಂ ಹೆರಿಟೇಜ್‌ ಫೌಂಡೇಶನ್‌ ಮೊದಲಾದ ಸಂಸ್ಥೆಗಳ ಶ್ರಮದಿಂದ ಪುನರುದ್ಧಾರಗೊಂಡು 2024ರಲ್ಲಿ ವೆನಿಸ್‌ ಉತ್ಸವದ ತೆರೆಯ ಮೇಲೆ ಹೊಸದಾಗಿ ಮೂಡಿತು. ಚಿತ್ರವೊಂದು ಹೀಗೆ ಬದುಕಿ ಬರಬೇಕಾದರೆ ಅದರ ನೆಗೆಟಿವ್‌ ಎಲ್ಲೋ ಉಳಿದಿರಬೇಕು, ಅದಕ್ಕಿಂತ ಮೊದಲು ಅದನ್ನು ಮರೆಯದೆ ಮಾತಾಡುತ್ತಿರುವ ಜನರಿರಬೇಕು. ‘ಸತಿ ಸುಲೋಚನ’ಕ್ಕೆ ಆ ನೆಗೆಟಿವ್ ಇಲ್ಲವಾಯಿತು.

ಆದುದರಿಂದ ಈ ಎರಡು ತಾಲ್ಲೂಕುಗಳ ಓದುಗರಲ್ಲಿ ನನ್ನದೊಂದು ವಿನಂತಿಯಿದೆ. ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಹಾಡಿನ ಪುಸ್ತಕವೋ ಸಿನಿಮಾ ಕರಪತ್ರವೋ ಉಳಿದಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ; ಊರಿನ ಗ್ರಂಥಾಲಯಕ್ಕೆ ಒಪ್ಪಿಸಿ. ಟೆಂಟಿನಲ್ಲಿ ಯಂತ್ರ ನಡೆಸಿದವರು, ಗೇಟು ಕಾದವರು, ಗಾಡಿಯಲ್ಲಿ ಕುಳಿತು ಚಿತ್ರದ ಹೆಸರು ಕೂಗಿದವರು ನಿಮ್ಮ ಕೇರಿಯಲ್ಲಿದ್ದರೆ, ಅವರ ಬಳಿ ಕುಳಿತು ಯಾವ ವರ್ಷ ಯಾವ ಬಯಲಿನಲ್ಲಿ ಯಾವ ಚಿತ್ರ ಓಡಿತೆಂದು ಕೇಳಿ ಬರೆದಿಟ್ಟುಕೊಳ್ಳಿ. ಅವರೆಲ್ಲ ಈಗ ಎಪ್ಪತ್ತು ಎಂಬತ್ತು ದಾಟಿದವರು.